ಡೇರೆ ಗಡ್ಡೆಯೂ ಮುಳ್ಳುಹಂದಿಯೂ

ಕಳೆದ ವರ್ಷ ಮಾಘಮಾಸದ ಒಂದು ಬೆಳಗ್ಗೆ ಆರು ಗಂಟೆಗೇ ಹೊನ್ನಾವರದ ಕಡೆಯಿಂದ ದೂರವಾಣಿಯ ಕರೆ ಬಂದಿತು. ಮಾತನಾಡಿದವರು ನನ್ನ ದೊಡ್ಡಮ್ಮ. ಎಂಬತ್ತು ದಾಟಿದ ಹಿರಿಯರು ಅಷ್ಟು ಹೊತ್ತಿಗೇ ಕರೆದರೆ ಯಾರಿಗಾದರೂ ಎದೆ ಝಲ್ಲೆನ್ನುವುದು ಸಹಜವೇ. "ಏನಾಯಿತು ದೊಡ್ಡಮ್ಮಾ?" ಎಂದು ಗಾಬರಿಯಿಂದ ಕೇಳಿದೆ.

"ಎಂತ ಹೇಳುವುದು ಮಾರಾಯ! ಡೇರೆ ಹೋಯಿತು. ಒಂದೂ ಬಿಡಲಿಲ್ಲ."

ನಾನು ನಿಟ್ಟುಸಿರು ಬಿಟ್ಟೆ. ಮನೆಯವರೆಲ್ಲ ಕ್ಷೇಮವಾಗಿದ್ದಾರೆ, ಹೋದದ್ದು ಹೂವಿನ ಗಿಡ ತಾನೆ ಎಂಬ ಸಮಾಧಾನ ನನ್ನದು. ಆ ಸಮಾಧಾನ ನನ್ನ ದನಿಯಲ್ಲಿಯೂ ಕಾಣಿಸಿಕೊಂಡಿರಬೇಕು; ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ದೊಡ್ಡಮ್ಮ ಮೆಲ್ಲನೆ, "ಆ ನೇರಳೆ ಬಣ್ಣದ್ದೂ ಹೋಯಿತು" ಎಂದರು. ಹೋದದ್ದು ಏನೆಂಬುದು ನನಗೆ ಆಗ ಅರ್ಥವಾಯಿತು. ಆ ವಾರದ ಕೊನೆಯಲ್ಲಿ ರೈಲು ಹತ್ತಿದೆ.

ದೊಡ್ಡಮ್ಮನ ಮನೆ ಇರುವುದು ಹೊನ್ನಾವರ ತಾಲೂಕಿನಲ್ಲಿ, ಗೇರುಸೊಪ್ಪೆಯಿಂದ ಕೆಳಗೆ, ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ. ಮುಂದುಗಡೆ ಹೊಳೆ, ನಡುವೆ ಅಡಕೆ ತೋಟ, ಬೆನ್ನಿಗೆ ಬೆಟ್ಟ. ಅಂಗಳದ ಮಗ್ಗುಲಲ್ಲಿ ನಾಲ್ಕು ಮಾರು ಉದ್ದದ ಹೂವಿನ ಮಡಿ. ನಾನು ಹೋಗಿ ನೋಡಿದಾಗ ಆ ಮಡಿ ಯಾರೋ ಗುದ್ದಲಿ ಹಿಡಿದು ಹದವಾಗಿ ಅಗೆದಂತೆ ಇತ್ತು. ಒಂದೊಂದು ಬುಡಕ್ಕೂ ಒಂದೊಂದು ಹೊಂಡ, ಎಣಿಸಿದರೆ ಹನ್ನೊಂದು. ಹೊಂಡಗಳ ಸುತ್ತ ಕಚ್ಚಿ ಉಳಿಸಿದ ಗಡ್ಡೆಯ ಚೂರುಗಳು ಒಣಗಿ ಸುಕ್ಕುಗಟ್ಟಿ ಬಿದ್ದಿದ್ದವು. ಹಾಗೆಯೇ ಒಂದು ಕರಿ-ಬಿಳಿ ಪಟ್ಟೆಯ ಮುಳ್ಳು. ಕಳ್ಳನು ತನ್ನ ಹೆಸರಿನ ಚೀಟಿಯನ್ನೇ ಬಿಟ್ಟು ಹೋಗಿದ್ದ.

ಡೇರೆ ಎಂದರೆ ಪೇಟೆಯವರು ಡೇಲಿಯಾ ಎನ್ನುವ ಹೂವು. ಶಿರಸಿ, ಸಿದ್ದಾಪುರ, ಸಾಗರಗಳ ಕಡೆಯಲ್ಲಿಯೂ ಘಟ್ಟದ ಸೆರಗಿನ ಹಳ್ಳಿಗಳಲ್ಲಿಯೂ ಮಳೆಗಾಲದ ಅಂಗಳಕ್ಕೆ ಡೇರೆಯೇ ರಾಣಿ. ಜ್ಯೇಷ್ಠದ ಮಳೆ ಬಿದ್ದೊಡನೆ ಗಡ್ಡೆ ನೆಟ್ಟರೆ ಚೌತಿಯ ಹೊತ್ತಿಗೆ ತಟ್ಟೆಯಗಲದ ಹೂವುಗಳು ಅರಳಿ ನವರಾತ್ರಿಯ ತನಕವೂ ಬರುತ್ತವೆ. ಯಾರ ಮನೆಯಲ್ಲಿ ಎಷ್ಟು ಬಣ್ಣ, ಯಾರದು ಎಷ್ಟು ಸುತ್ತಿನ ಎಸಳು ಎಂಬುದು ಅಲ್ಲಿನ ಗೃಹಿಣಿಯರ ನಡುವೆ ಸೌಮ್ಯವಾದ ಆದರೆ ಪಟ್ಟು ಬಿಡದ ಸ್ಪರ್ಧೆಯ ವಿಷಯ. ಹೊಸ ಬಣ್ಣ ಕಂಡರೆ ಬೇರೆ ಮಾತಿನ ನಡುವೆಯೂ "ಒಂದು ಗಡ್ಡೆ ಕೊಡಿ" ಎಂದು ಕೇಳದೆ ಎದ್ದು ಬರುವವರು ಕಡಮೆ.

ದೊಡ್ಡಮ್ಮನ ನೇರಳೆ ಡೇರೆ ಅಂಥ ಸ್ಪರ್ಧೆಯದಲ್ಲ. ಅವರ ತವರುಮನೆ ಸಾಗರ ತಾಲೂಕಿನಲ್ಲಿತ್ತು. ಇತ್ತು ಎನ್ನಬೇಕು, ಏಕೆಂದರೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ನಿಂತಾಗ ಮುಳುಗಿದ ಮನೆಗಳಲ್ಲಿ ಅದೂ ಒಂದು. ಊರು ಬಿಡುವ ದಿನ ಗಂಡಸರು ತೊಲೆ, ಬಾಗಿಲು, ಹೆಂಚುಗಳನ್ನು ಗಾಡಿಗೆ ಏರಿಸುತ್ತಿದ್ದರಂತೆ. ಅವರ ತಾಯಿ ಮಾತ್ರ ಮನೆಯ ಮುಂದಿನ ಡೇರೆಯ ಬುಡಗಳನ್ನು ಅಗೆದು ಗೋಣಿಚೀಲಕ್ಕೆ ತುಂಬಿ, ಮಡಿಲಲ್ಲಿ ಕೂಸನ್ನು ಇಟ್ಟುಕೊಂಡಂತೆ ಇಟ್ಟುಕೊಂಡು ಕುಳಿತಿದ್ದರಂತೆ. ದೊಡ್ಡಮ್ಮನಿಗೆ ಆಗ ಇಪ್ಪತ್ತು ವರ್ಷ. ನೇರಳೆ ಎಸಳು, ತುದಿಗೆ ಬಿಳಿಯ ಅಂಚು: ಆ ಬಣ್ಣದ್ದು ಅಂದಿನಿಂದ ಮನೆಯಿಂದ ಮನೆಗೆ, ಮಡಿಯಿಂದ ಮಡಿಗೆ ಬಂದಿತ್ತು. ಈಗ ಅವರ ಮನೆಯ ಮುಂದೆ ಹರಿಯುವುದೂ ಅದೇ ಹೊಳೆ. ಅವರು ಈ ವಿಷಯವನ್ನು ಎಂದೂ ಎತ್ತಿ ಆಡಿದವರಲ್ಲ.

ಇಲ್ಲಿ ಸ್ವಲ್ಪ ಸಸ್ಯಶಾಸ್ತ್ರವನ್ನು ಹೇಳಬೇಕು. ಡೇರೆಯ ಬೀಜ ಬಿತ್ತಿದರೆ ತಾಯಿಯಂಥ ಹೂವು ಬರುವುದಿಲ್ಲ. ಒಂದೊಂದು ಬೀಜದಿಂದಲೂ ಒಂದೊಂದು ಬಗೆ. ತಾಯಿಯಂಥದೇ ಬೇಕಾದರೆ ಗಡ್ಡೆಯನ್ನು ಒಡೆದು ನೆಡಬೇಕು, ಇಲ್ಲವೆ ಎಳೆಯ ಕುಡಿಯನ್ನು ಬೇರೂರಿಸಬೇಕು. ಆದುದರಿಂದ ಅರುವತ್ತು ವರ್ಷಗಳಿಂದ ಅವರ ಅಂಗಳದಲ್ಲಿದ್ದುದು ಆ ಮುಳುಗಿದ ಅಂಗಳದ ಗಿಡದ ಮೊಮ್ಮಗಳಲ್ಲ, ಅದೇ ಗಿಡ. ಎರಡನೆಯ ಮಾತು: ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಯ ಗಡ್ಡೆಗೆ ಕಣ್ಣು ಇರುವುದು ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಷ್ಟಪುಷ್ಟವಾಗಿದ್ದರೂ ಮೊಳೆಯದು. ದೊಡ್ಡಮ್ಮ ಆ ಚೂರುಗಳನ್ನೆಲ್ಲ ಆಯ್ದು, ಕನ್ನಡಕ ಏರಿಸಿಕೊಂಡು, ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದ್ದರು. ಒಂದಕ್ಕೂ ಕಣ್ಣಿರಲಿಲ್ಲ.

ಪ್ರತಿವರ್ಷವೂ ಪುಷ್ಯದಲ್ಲಿಯೇ ಗಡ್ಡೆ ಕಿತ್ತು ಒಳಗಿಡುವ ವಾಡಿಕೆ ಅವರದು. ಆ ವರ್ಷ ಮಂಡಿನೋವಿನಿಂದ ಕೂರಲಾರದೆ, ಆಳು ಸಿಕ್ಕದೆ, ಇಂದು ನಾಳೆ ಎಂದು ಮಾಘ ಬಂದಿತ್ತು.

ಈಗ ಕಳ್ಳನ ವಿಷಯ. ಮುಳ್ಳುಹಂದಿ ಹೆಸರಿಗಷ್ಟೇ ಹಂದಿ. ಜಾತಿಯಲ್ಲಿ ಅದು ಇಲಿ, ಅಳಿಲುಗಳ ನೆಂಟ. ದೊಡ್ಡದಾದರೆ ಹದಿನೈದು ಕಿಲೋ ತೂಗುವ ಈ ಪ್ರಾಣಿ ಹಗಲೆಲ್ಲ ಬಿಲದಲ್ಲಿದ್ದು, ಕತ್ತಲಾದ ಮೇಲೆ ಹೊರಟು, ಮೂಗಿನ ಬಲದಿಂದಲೇ ನೆಲದೊಳಗಿನ ಗಡ್ಡೆಯನ್ನು ಪತ್ತೆಹಚ್ಚುತ್ತದೆ. ಗಂಡುಹೆಣ್ಣು ಜೋಡಿಯಾಗಿ ಬಾಳುತ್ತವೆ. ಓಡಾಡುವ ದಾರಿ ಬಹುಮಟ್ಟಿಗೆ ದಿನವೂ ಒಂದೇ; ಆದುದರಿಂದ ಒಮ್ಮೆ ರುಚಿ ಕಂಡ ತೋಟಕ್ಕೆ ಮರುದಿನವೂ ಬಂದೀತೆಂದೇ ತಿಳಿಯಬೇಕು. ಸಿಟ್ಟು ಬಂದಾಗ ಬಾಣದಂತೆ ಮುಳ್ಳೆಸೆಯುತ್ತದೆ ಎಂಬುದು ಕಟ್ಟುಕಥೆ. ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ. ಸಡಿಲವಾದ ಮುಳ್ಳುಗಳು ಎದುರಾಳಿಯ ಮೈಯಲ್ಲಿ ಉಳಿಯುತ್ತವೆ. ನಾಯಿ ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು.

ವಿನೋದವೆಂದರೆ ಈ ಕಳ್ಳನಿಗೆ ನಮ್ಮ ಮಂಗಳಕಾರ್ಯದಲ್ಲಿಯೂ ಪಾಲುಂಟು. ಸೀಮಂತೋನ್ನಯನದಲ್ಲಿ ಗರ್ಭಿಣಿಯ ಬೈತಲೆ ತೆಗೆಯಲು ಗೃಹ್ಯಸೂತ್ರಗಳು ವಿಧಿಸಿರುವುದು ಮುಳ್ಳುಹಂದಿಯ ಮುಳ್ಳನ್ನೇ. ದೊಡ್ಡಮ್ಮನ ಕುಂಕುಮದ ಭರಣಿಯ ಪಕ್ಕದಲ್ಲಿ ಅಂಥದೊಂದು ಹಳೆಯ ಮುಳ್ಳು ಇದೆ. ಮಡಿಯಲ್ಲಿ ಸಿಕ್ಕ ಹೊಸದನ್ನೂ ಅವರು ತೊಳೆದು ಅದರ ಜೊತೆಗೇ ಇಟ್ಟಿದ್ದರು. "ಮನೆಯಲ್ಲಿ ಬಸುರಿ ಹೆಂಗಸರು ಯಾರೂ ಇಲ್ಲವಲ್ಲ" ಎಂದೆ. "ಬೈಯಲಿಕ್ಕಾದರೂ ಬೇಕಲ್ಲ ಒಂದು" ಎಂದರು.

ಮಾಘದಲ್ಲಿಯೇ ಏಕೆ ಬಂದಿತು? ವಿಲಾಯತಿಯ ತೋಟದ ಪುಸ್ತಕಗಳನ್ನು ಓದಿದವರಿಗೆ ಗಡ್ಡೆಯ ಹೂವುಗಳೆಂದರೆ ವಸಂತದ ಹೂವುಗಳು. ಅಲ್ಲಿ ಟ್ಯೂಲಿಪ್, ಡ್ಯಾಫೊಡಿಲ್ ಗಡ್ಡೆಗಳನ್ನು ಶರತ್ಕಾಲದಲ್ಲಿ ಹೂಳುತ್ತಾರೆ; ಅವು ಹಿಮದಡಿ ಮಲಗಿದ್ದು ವಸಂತದಲ್ಲಿ ಏಳುತ್ತವೆ. ಅಳಿಲು, ಇಲಿಗಳು ಅವನ್ನು ಅಗೆಯುವುದು ಆ ಮಲಗಿದ ಕಾಲದಲ್ಲಿಯೇ. ನಮ್ಮ ಕರಾವಳಿಯಲ್ಲಿ ಹಿಮವೆಲ್ಲಿ ಬಂತು? ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಭಾಗ ನಾಲ್ಕೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಬೆಟ್ಟದ ಜಂಬಿಟ್ಟಿಗೆ ನೆಲ ಒಣಗಿ ಇಟ್ಟಿಗೆಯೇ ಆಗುತ್ತದೆ. ನಮ್ಮ ಗಡ್ಡೆಗಳಿಗೆ ನಿದ್ರೆಯ ಕಾಲ ಚಳಿಗಾಲವಲ್ಲ, ಈ ಒಣಗಾಲ. ಪುಷ್ಯದಿಂದ ವೈಶಾಖದ ತನಕ ಕಾಡಿನಲ್ಲಿ ಅಗೆಯುವುದು ಕಷ್ಟ, ತಿನ್ನುವುದಕ್ಕೂ ಕೊರತೆ. ಅದೇ ಕಾಲದಲ್ಲಿ ನಾವು ದಿನವೂ ನೀರು ಹನಿಸಿ ಮೆತ್ತಗೆ ಮಾಡಿಟ್ಟ ಮಡಿಯಲ್ಲಿ ಹಿಟ್ಟು ತುಂಬಿದ ಗಡ್ಡೆಗಳು ಸಾಲಾಗಿ ಮಲಗಿರುತ್ತವೆ. ಹಸಿದವನ ಮನೆಬಾಗಿಲಲ್ಲಿ ಎಲೆ ಹಾಕಿ ಬಡಿಸಿ, ಉಂಡನೆಂದು ಕೂಗಿಕೊಂಡ ಹಾಗೆ.

ಗಡ್ಡೆಯ ಹೂವನ್ನು ತಿನ್ನುವುದು ಪ್ರಾಣಿಗಳ ದುರ್ಬುದ್ಧಿಯೆಂದು ತಿಳಿಯಬೇಕಾಗಿಲ್ಲ. ಡೇರೆಯ ತವರು ಮೆಕ್ಸಿಕೋ. ಅಲ್ಲಿನ ಅಜ್ಟೆಕ್ ಜನರು ಇದರ ಗಡ್ಡೆಯನ್ನು ತಿನ್ನುತ್ತಿದ್ದರು. 1789ರಲ್ಲಿ ಇದು ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂದಿತು. 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗಾಗಿ ಡೇಲಿಯಾ ಎಂಬ ಹೆಸರನ್ನು ಪಡೆಯಿತು. 1944-45ರ ಚಳಿಗಾಲದಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಅನ್ನವಿಲ್ಲದೆ ಜನ ಸಾಯುತ್ತಿದ್ದಾಗ, ಅಲ್ಲಿನ ಗೃಹಿಣಿಯರು ಟ್ಯೂಲಿಪ್ ಗಡ್ಡೆಯ ನಡುವಿನ ಮೊಳಕೆಯನ್ನು ಕಿತ್ತೊಗೆದು ಉಳಿದುದನ್ನು ಬೇಯಿಸಿ ಮಕ್ಕಳಿಗೆ ಉಣ್ಣಿಸಿದರು. ಒಂದು ಕಾಲದಲ್ಲಿ ಒಂದೊಂದು ಗಡ್ಡೆಗೆ ಮನೆಯ ಬೆಲೆ ಕೊಟ್ಟ ದೇಶವದು! ಕಾಶ್ಮೀರದ ಪಾಂಪೋರಿನ ಕೇಸರಿ ಹೊಲಗಳಿಗೂ ನಮ್ಮ ಇದೇ ಜಾತಿಯ ಮುಳ್ಳುಹಂದಿಯೇ ಶತ್ರು. ರಾತ್ರೋರಾತ್ರಿ ಗಡ್ಡೆಗಳನ್ನು ಅಗೆದು ತಿಂದು ಬೆಳೆಗಾರರನ್ನು ಗೋಳುಗುಟ್ಟಿಸುತ್ತದೆ.

ಆದರೆ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಯಿತ್ಝಾಕ್ ಗುಟ್ಟರ್‌ಮನ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದೇ ಪ್ರಾಣಿಯನ್ನು ಗಮನಿಸಿ ಬೇರೊಂದು ವಿಷಯವನ್ನು ಕಂಡುಕೊಂಡನು. ಮುಳ್ಳುಹಂದಿ ಗಡ್ಡೆಗಾಗಿ ತೋಡಿದ ಹೊಂಡಗಳಲ್ಲಿ ಮಳೆಯ ನೀರು ನಿಲ್ಲುತ್ತದೆ, ಗಾಳಿಗೆ ಬಂದ ಬೀಜಗಳು ಸೇರುತ್ತವೆ. ಮಾರನೆಯ ಋತುವಿನಲ್ಲಿ ಸುತ್ತಲ ಬಯಲಿಗಿಂತ ಆ ಹೊಂಡಗಳಲ್ಲಿಯೇ ಹೆಚ್ಚು ಗಿಡಗಳು ಏಳುತ್ತವೆ. ಕಾಡಿಗೆ ಅದು ತೋಟಗಾರ, ತೋಟಕ್ಕೆ ಮಾತ್ರ ಕಳ್ಳ. ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವರು, "ಹಾಗಾದರೆ ಬೆಟ್ಟದಲ್ಲೇ ತೋಟ ಮಾಡಿಕೊಳ್ಳಲಿ" ಎಂದರು. ನ್ಯಾಯವಾದ ಮಾತೇ.

ಎಲ್ಲ ಗಡ್ಡೆಯೂ ಕಳ್ಳನ ಬಾಯಿಗೆ ಹಿತವಲ್ಲ ಎಂಬುದೇ ನಮಗೆ ಮೊದಲನೆಯ ಆಧಾರ. ಡೇರೆ, ಕಾಬಾಳೆ ಇವೆಲ್ಲ ಮೃಷ್ಟಾನ್ನ. ವಸಂತದಲ್ಲಿ ಎಲೆಯಿಲ್ಲದೆ ಬರಿಯ ನೆಲದಿಂದಲೇ ಹೂವೆತ್ತಿ ನಿಲ್ಲುವ ನೆಲಸಂಪಿಗೆ ಶುಂಠಿ-ಅರಿಸಿನಗಳ ಕುಲದ್ದು. ಮೂಗಿಗೆ ಹೊಡೆಯುವ ವಾಸನೆಯ ಆ ಕುಲವನ್ನು ಹಂದಿಗಳು ಮುಟ್ಟುವುದು ಕಡಮೆಯೆಂದು ಕೃಷಿಕರ ಅನುಭವ. ಮೇ ತಿಂಗಳ ಮೊದಲ ಮಳೆಗೆ ಕೆಂಪು ಚೆಂಡಿನಂತೆ ಅರಳುವ ಮೇ ಹೂವು, ಮಳೆ ಲಿಲ್ಲಿ, ಜೇಡ ಲಿಲ್ಲಿ ಇವೆಲ್ಲ ಡ್ಯಾಫೊಡಿಲ್ ಹೂವಿನ ಬಂಧುಗಳು. ಈ ಕುಟುಂಬದ ಗಡ್ಡೆಗಳಲ್ಲಿ ಲೈಕೋರಿನ್ ಮೊದಲಾದ ವಿಷವಸ್ತುಗಳಿರುವುದರಿಂದ ತಿಂದ ಪ್ರಾಣಿ ವಾಂತಿ ಮಾಡಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಟ್ಯೂಲಿಪ್ ಉಳಿಯದ ತೋಟದವರು ಡ್ಯಾಫೊಡಿಲ್ ನೆಡುವುದು ಇದಕ್ಕಾಗಿಯೇ.

ಗೌರಿ ಹಬ್ಬದ ಸುಮಾರಿಗೆ ಬೇಲಿಯ ಮೇಲೆ ಬೆಂಕಿಯ ನಾಲಿಗೆಗಳಂತೆ ಅರಳುವ ಗೌರಿ ಹೂವನ್ನು ಎಲ್ಲರೂ ಬಲ್ಲರು; ಅಗ್ನಿಶಿಖೆಯೆಂದೂ ಕರೆಯುತ್ತಾರೆ. ಅದರ ಗಡ್ಡೆ ನೇಗಿಲಿನ ಆಕಾರದ್ದಾದುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎಂದು ಹೆಸರು. ಈ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲದು. ಗೆಣಸೆಂದು ತಪ್ಪಾಗಿ ತಿಂದು ಸತ್ತವರುಂಟು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಂಥ ಗಡ್ಡೆಗಳನ್ನು ಅಡಿಗೆಯ ಗಡ್ಡೆಗಳ ಬಳಿ ಎಂದೂ ಇಡಬಾರದು. ಕಿತ್ತ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ಪ್ರಾಣಿಯಿಂದ ಹೂವನ್ನು ಕಾಯಲು ಹೊರಟು ಮಕ್ಕಳನ್ನು ಅಪಾಯಕ್ಕೆ ಒಡ್ಡುವುದು ಯಾವ ಜಾಣತನ?

ಇನ್ನು ಬೇಲಿ. ನಮ್ಮಲ್ಲಿ ಬೇಲಿಯೆಂದರೆ ಎತ್ತರವನ್ನು ಯೋಚಿಸುವುದು ರೂಢಿ. ಮುಳ್ಳುಹಂದಿಗೆ ಎತ್ತರದ ಚಿಂತೆಯಿಲ್ಲ. ಅದು ಹಾರುವುದಿಲ್ಲ, ಹತ್ತುವುದರಲ್ಲಿಯೂ ಜಾಣನಲ್ಲ. ಅಡಿಯಿಂದ ತೋಡುವುದೇ ಅದರ ವಿದ್ಯೆ. ಆದುದರಿಂದ ನೆಲದ ಮೇಲೆ ಎರಡು ಮೂರು ಅಡಿ ಇದ್ದರೆ ಸಾಕು, ನೆಲದ ಕೆಳಗೆ ಒಂದೂವರೆ ಅಡಿ ಇರಬೇಕು. ತಂತಿಜಾಲರಿಯ ಕೆಳತುದಿಯನ್ನು ಹೊರಗಡೆಗೆ ಒಂದಡಿ ಮಡಿಸಿ ಹೂಳಿದರೆ, ಬೇಲಿಯ ಬುಡಕ್ಕೆ ಬಂದು ತೋಡುವ ಕಳ್ಳನ ಉಗುರಿಗೆ ಜಾಲರಿಯೇ ಸಿಗುತ್ತದೆ. ಬೇಲಿಯಿಂದ ಒಂದಡಿ ಹಿಂದೆ ಸರಿದು ತೋಡಬೇಕೆಂಬ ಉಪಾಯ ಅದಕ್ಕೆ ಸುಲಭವಾಗಿ ಹೊಳೆಯದು.

ಮಡಿ ಚಿಕ್ಕದಾದರೆ ಇಡೀ ಬೇಲಿಯ ಖರ್ಚೇಕೆ? ಅರ್ಧ ಅಂಗುಲ ಕಣ್ಣಿನ ಜಾಲರಿಯಲ್ಲಿ ಬುಟ್ಟಿ ಮಾಡಿ, ಹೂಳಿ, ಅದರೊಳಗೆ ಗಡ್ಡೆ ಇಡಬಹುದು. ಹೆಗ್ಗಣಕ್ಕೂ ಅದೇ ಮದ್ದು. ಎರಡು ಎಚ್ಚರಿಕೆಗಳು: ಸತುವಿನ ಲೇಪವಿಲ್ಲದ ತಂತಿ ಕರಾವಳಿಯ ಉಪ್ಪುಗಾಳಿಗೆ ಎರಡೇ ಮಳೆಗಾಲದಲ್ಲಿ ಪುಡಿಯಾಗುತ್ತದೆ, ಮತ್ತು ಬುಟ್ಟಿಯ ಮುಚ್ಚಳವನ್ನು ಮೊಳಕೆ ಬಂದ ಮೇಲೆ ತೆಗೆಯದಿದ್ದರೆ ಡೇರೆಯ ದಪ್ಪ ಕಾಂಡಕ್ಕೆ ಅದು ಉರುಳಾಗುತ್ತದೆ. ತಂತಿ ಸಿಗದವರು ಅಡಿಯಲ್ಲಿ ತೂತು ಹೊಡೆದ ಹಳೆಯ ಮಡಕೆಯನ್ನು ಕಂಠದವರೆಗೆ ಹೂಳಿ, ಮೇಲೆ ಹೆಂಚಿನ ತುಂಡು ಮುಚ್ಚಿ, ಭಾರಕ್ಕೆ ಒಂದು ಕಲ್ಲು ಹೇರಿದರೂ ನಡೆಯುತ್ತದೆ. ಅಘನಾಶಿನಿಯ ಹಿನ್ನೀರಿನಲ್ಲಿ ಸಿಗುವ ಬಳಚಿನ ಚಿಪ್ಪನ್ನು ಜಜ್ಜಿ ಗಡ್ಡೆಯ ಸುತ್ತ ಹಾಕುವುದೂ ಒಂದು ಉಪಾಯ. ಚೂಪು ಅಂಚು ಇಲಿ-ಹೆಗ್ಗಣಗಳ ಮೂಗಿಗೆ ಹಿತವಲ್ಲ. ಚಿಪ್ಪಿನ ಸುಣ್ಣ ನಮ್ಮ ಹುಳಿಮಣ್ಣಿಗೆ ಹಿತಮಿತವಾಗಿದ್ದರೆ ಒಳ್ಳೆಯದೇ.

ವಾಸನೆಯ ಉಪಾಯಗಳನ್ನು ಹೇಳುವವರು ಊರಿಗೆ ಹತ್ತು ಮಂದಿ. ಕ್ಷೌರದಂಗಡಿಯ ಕೂದಲು, ಸೀಮೆಎಣ್ಣೆಯ ಬಟ್ಟೆ, ಮೆಣಸಿನ ಹೊಗೆ, ಒಣಮೀನು. ಒಣಗಾಲದಲ್ಲಿ ನಾಲ್ಕು ದಿನ ಫಲ ಕೊಟ್ಟಾವು. ಅಷ್ಟರಲ್ಲಿ ಪ್ರಾಣಿಗೆ ವಾಸನೆ ಪರಿಚಯವಾಗುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಒಣಮೀನನ್ನು ನೋಡಿ ನೆರೆಮನೆಯ ಬೆಕ್ಕುಗಳು ಬಂದು ಮಡಿಯನ್ನು ಕೆದರಿದ್ದೂ ಉಂಟು. ಹಳೆಯ ಸೀರೆಗಳನ್ನು ತೋಟದ ಸುತ್ತ ಕಟ್ಟುವುದು ಈಗ ಎಲ್ಲೆಡೆ ಕಾಣುವ ನೋಟ. ಗಾಳಿಗೆ ಅಲ್ಲಾಡುವ ಬಣ್ಣದ ಬಟ್ಟೆಗೆ ಕಾಡುಹಂದಿ ಸ್ವಲ್ಪ ದಿನ ಹಿಂಜರಿಯುತ್ತದೆಂದು ರೈತರು ಹೇಳುತ್ತಾರೆ. ನೆಲದ ಮೇಲೆ ಮೂಗಿಟ್ಟು ನಡೆಯುವ ಮುಳ್ಳುಹಂದಿಗೆ ಧರ್ಮಾವರವಾದರೇನು, ನೂಲಿನದಾದರೇನು! ಬೇಲಿಗೆ ಕಟ್ಟಿದ ಸೀರೆ ಯಾವುದೆಂಬ ಬಗ್ಗೆ ಮನೆಯೊಳಗೆ ಏಳುವ ಚರ್ಚೆಯೇ ಅದರ ಮುಖ್ಯ ಫಲವೆಂದು ನನ್ನ ಅಭಿಪ್ರಾಯ.

ಹೆಗ್ಗಣಕ್ಕೆ ವಿಷವಿಡುವ ಮೊದಲು ಎರಡು ಬಾರಿ ಯೋಚಿಸುವುದು ಮೇಲು. ವಿಷ ತಿಂದು ತೂರಾಡುವ ಹೆಗ್ಗಣವನ್ನು ಹಿಡಿದು ತಿನ್ನುವ ಗೂಬೆಯೂ, ಬೆಕ್ಕೂ ಸಾಯುತ್ತವೆ. ಇಲಿಗಳನ್ನು ನಮಗಿಂತ ಚೆನ್ನಾಗಿ ಹಿಡಿಯುವವರೇ ಹೋದರೆ ಮುಂದೆ ಯಾರು ಗತಿ? ಬೋನಿಟ್ಟು ಹಿಡಿಯಬೇಕು, ಕೇರೆ ಹಾವು ಕಂಡರೆ ಕೋಲೆತ್ತದೆ ಬಿಡಬೇಕು. ಮಳೆ ಶುರುವಾದ ಮೇಲೆ ಬರುವ ಆಫ್ರಿಕದ ದೊಡ್ಡ ಬಸವನಹುಳು (1847ರಲ್ಲಿ ಕಲ್ಕತ್ತೆಗೆ ಬಂದಿಳಿದ ಅತಿಥಿ) ಗಡ್ಡೆಗೆ ಕೈಹಾಕದು, ಎಳೆಯ ಮೊಳಕೆಯನ್ನು ಸವರಿಬಿಡುತ್ತದೆ. ರಾತ್ರಿ ದೀಪ ಹಿಡಿದು, ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕುವುದೇ ಅದಕ್ಕೆ ಉಪಾಯ.

ನಾನು ಹೋಗಿದ್ದಾಗ ನೆರೆಹೊರೆಯ ಒಬ್ಬರು ಬಂದು, "ಒಂದು ತಂತಿ ಎಳೆದು ಮನೆಯ ಕರೆಂಟು ಕೊಟ್ಟುಬಿಡಿ ಅಕ್ಕೋರೇ, ಒಂದೇ ರಾತ್ರಿಗೆ ತೀರುತ್ತದೆ" ಎಂದರು. ದೊಡ್ಡಮ್ಮ ಉಪಾಧ್ಯಾಯಿನಿಯಾಗಿದ್ದವರು. ಉತ್ತರ ಕನ್ನಡದಲ್ಲಿ ಉಪಾಧ್ಯಾಯಿನಿಯರಿಗೆಲ್ಲ ಅಕ್ಕೋರೆಂದೇ ಹೆಸರು. ಹಾಗೆ ಹೇಳಿದವರ ಸಿಟ್ಟೂ ಸುಳ್ಳಲ್ಲ. ಅಡಕೆ, ತೆಂಗಿನ ಎಳೆಯ ಸಸಿಗಳ ಬುಡವನ್ನು ಮುಳ್ಳುಹಂದಿ ಕಡಿದು ಹಾಕಿದರೆ ಮೂರು ನಾಲ್ಕು ವರ್ಷಗಳ ದುಡಿಮೆ ಒಂದು ರಾತ್ರಿಗೆ ಹೋಗುತ್ತದೆ. ನಮ್ಮ ಹೂವಿನ ದುಃಖ ಅದರ ಮುಂದೆ ಚಿಕ್ಕದು. ಆದರೂ ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಅಪರಾಧ. ಇಂಥ ತಂತಿಗೆ ತಗುಲಿ ಸತ್ತವರಲ್ಲಿ ತಂತಿ ಎಳೆದ ರೈತರೂ, ಅವರ ಮನೆಯವರೂ ಇದ್ದಾರೆ. ಮಿಡಿತ ಮಿಡಿತವಾಗಿ ಸಣ್ಣ ಆಘಾತ ಕೊಡುವ ಸೌರಬೇಲಿಯೇ ಬೇರೆ, ಇದೇ ಬೇರೆ. ಹಣ್ಣಿನೊಳಗೆ ಸಿಡಿಮದ್ದು ಇಡುವುದಂತೂ ಇನ್ನೂ ಘೋರ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನ ಕಡೆ ಬಸುರಿ ಆನೆಯೊಂದು ಹಾಗೆಯೇ ಬಾಯಿ ಸಿಡಿದು, ಹೊಳೆಯ ನೀರಿನಲ್ಲಿ ನಿಂತೇ ಸತ್ತುದನ್ನು ಓದುಗರು ಮರೆತಿರಲಾರರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಮುಳ್ಳುಹಂದಿಗೂ ಉಂಟು. ದೊಡ್ಡಮ್ಮ ಕಾಯಿದೆಯ ಮಾತೆತ್ತಲಿಲ್ಲ. "ರಾತ್ರಿ ದನ ಬಿಚ್ಚಿಕೊಂಡು ಬಂದರೆ? ನೀನೇ ಕುಡಿದು ಬಂದರೆ?" ಎಂದು ಕೇಳಿದರು. ಅವರು ತಲೆ ಕೆರೆದುಕೊಂಡು ಹೋದರು.

ಎಲ್ಲಕ್ಕಿಂತ ಗಟ್ಟಿಯಾದ ರಕ್ಷಣೆಯೆಂದರೆ ಗಡ್ಡೆಯನ್ನು ನೆಲದಲ್ಲಿ ಬಿಡದಿರುವುದು. ಇದನ್ನು ಕುಮಟೆಯ ಈರುಳ್ಳಿ ಬೆಳೆಗಾರರಿಂದ ಕಲಿಯಬೇಕು. ಕುಮಟೆಯ ಬಳಿ ಅಳ್ವೇಕೋಡಿ, ಹಂದಿಗೋಣ, ವನ್ನಳ್ಳಿಗಳ ಕಡೆ ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಸಿಹಿ ಈರುಳ್ಳಿ ಬೆಳೆಯುತ್ತಾರೆ. ಬೇಸಗೆಯಲ್ಲಿ ಹೆದ್ದಾರಿಯ ಬದಿಗೆ ಕೆಂಪು ಈರುಳ್ಳಿಯ ಗೊಂಚಲುಗಳು ತೂಗಾಡುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ನೋಡಿದ್ದಾರೆ. ಒಣಗಿದ ಎಲೆಯನ್ನು ಕತ್ತರಿಸದೆ ಅದನ್ನೇ ಜಡೆಯಂತೆ ಹೆಣೆದು ತೂಗುಹಾಕಿದರೆ ಗಾಳಿಯಾಡುತ್ತದೆ, ಕೊಳೆಯುವುದು ಕಡಮೆ, ನೆಲದ ಇಲಿಗೂ ದೂರ. ಹೂವಿನ ಗಡ್ಡೆಗಳಲ್ಲಿ ಈರುಳ್ಳಿಯಂತೆ ಸಿಪ್ಪೆ ಹೊದ್ದಿರುವ ಲಿಲ್ಲಿಗಳನ್ನೂ, ಒಣಸಿಪ್ಪೆಯ ಗ್ಲಾಡಿಯೋಲಸನ್ನೂ ಹೀಗೆಯೇ ಬಲೆಚೀಲದಲ್ಲಿ ತೂಗುಹಾಕಬಹುದು. ತೂಗುವ ಹಗ್ಗದ ನಡುವೆ ತೆಂಗಿನ ಗರಟೆಯೊಂದನ್ನು ಬೋರಲಾಗಿ ಪೋಣಿಸಿದರೆ ಮೇಲಿನಿಂದ ಇಳಿಯುವ ಇಲಿ ಅಲ್ಲಿಯೇ ಜಾರುತ್ತದೆ.

ಡೇರೆಗೆ ಇದು ಸಲ್ಲದು. ಅದರ ಸಿಪ್ಪೆ ತೆಳು. ಗಾಳಿಗೆ ತೂಗಿದರೆ ಎರಡೇ ವಾರದಲ್ಲಿ ಮುದುಕಿಯ ಕೆನ್ನೆಯಾಗುತ್ತದೆ (ಈ ಹೋಲಿಕೆ ದೊಡ್ಡಮ್ಮನದೇ). ಕಾಂಡವನ್ನು ಒಂದು ಗೇಣು ಉಳಿಸಿ ಕತ್ತರಿಸಿ, ಬುಡವನ್ನು ಸುತ್ತಲಿಂದ ಸಡಿಲಿಸಿ, ಕುತ್ತಿಗೆ ಮುರಿಯದಂತೆ ಇಡಿಯಾಗಿ ಎತ್ತಬೇಕು. ನೆರಳಲ್ಲಿ ಎರಡು ದಿನ ಆರಿಸಿ, ಮಣ್ಣು ಕೊಡವಿ, ಗಾಯವಾದ ಕಡೆಗೆ ಬೂದಿ ಹಚ್ಚಿ, ತುಸುವೇ ತೇವವಿರುವ ಮರಳಿನಲ್ಲಿ ಹೂತು, ತಗಡಿನ ಡಬ್ಬದಲ್ಲೋ ಮಣ್ಣಿನ ಹರವಿಯಲ್ಲೋ ತಂಪಾದ ಮೂಲೆಯಲ್ಲಿಡಬೇಕು. ಮುಷ್ಟಿ ಹಿಡಿದರೆ ಉಂಡೆ ಕಟ್ಟದೆ ಉದುರುವಷ್ಟು ತೇವ ಸಾಕು. ತಿಂಗಳಿಗೊಮ್ಮೆ ತೆಗೆದು ನೋಡಿ, ಕೊಳೆತುದನ್ನು ಎಸೆಯಬೇಕು. ಒಡೆದು ಬೇರೆ ಮಾಡುವ ಕೆಲಸವನ್ನು ಕಣ್ಣು ಉಬ್ಬಿ ಕಾಣಿಸಿಕೊಳ್ಳುವ ವೈಶಾಖಕ್ಕೆ ಬಿಡುವುದು ಒಳ್ಳೆಯದು.

ಇಷ್ಟೆಲ್ಲ ಬಲ್ಲ ದೊಡ್ಡಮ್ಮ ಒಂದು ವರ್ಷ ತಡಮಾಡಿದ್ದಕ್ಕೆ ಹನ್ನೊಂದು ಬುಡಗಳನ್ನು ಕಳೆದುಕೊಂಡಿದ್ದರು. ಉಳಿದ ಬಣ್ಣಗಳನ್ನು ಮತ್ತೆ ಯಾರಿಂದಲಾದರೂ ತರಬಹುದಿತ್ತು. ನೇರಳೆಯದನ್ನು ಎಲ್ಲಿಂದ ತರುವುದು? ತವರಿನವರು ಚದುರಿ ಹೋಗಿದ್ದರು. ಕೇಳಿದ ಕಡೆಯಲ್ಲೆಲ್ಲ "ನಮ್ಮಲ್ಲಿ ಹೋಗಿ ಎಷ್ಟೋ ವರ್ಷವಾಯಿತು" ಎಂಬ ಉತ್ತರವೇ. ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅವರು ಇದ್ದಕ್ಕಿದ್ದಂತೆ, "ಭಟ್ಕಳದಲ್ಲಿ ಒಬ್ಬಳಿಗೆ ಕೊಟ್ಟಿದ್ದೆ" ಎಂದರು.

ಭಟ್ಕಳದ ಶಾಲೆಯಲ್ಲಿ ಅವರು ಹಲವು ವರ್ಷ ಕಲಿಸಿದ್ದರು. ಬಾಡಿಗೆಯ ಮನೆ. ಪಕ್ಕದ ನವಾಯತರ ಮನೆಯ ಹುಡುಗಿ ಅವರ ವಿದ್ಯಾರ್ಥಿನಿ. ವರ್ಗವಾಗಿ ಹೊರಟ ದಿನ ಆ ಹುಡುಗಿ ಅಳುತ್ತ ನಿಂತಿದ್ದಾಗ ಸಮಾಧಾನಕ್ಕೆಂದು ಎರಡು ಗಡ್ಡೆ ಕೈಗಿತ್ತಿದ್ದರಂತೆ. ಅದಾಗಿ ಮೂವತ್ತು ವರ್ಷದ ಮೇಲಾಯಿತು. ಭಟ್ಕಳವೆಂದರೆ ಮಲ್ಲಿಗೆಯ ಊರು. ಸಮುದ್ರದ ಸೆಕೆಯಲ್ಲಿ ಡೇರೆ ಇಷ್ಟು ವರ್ಷ ಬದುಕೀತೆಂದು ನನಗೆ ನಂಬಿಕೆಯಿರಲಿಲ್ಲ. ಆದರೂ ಹೊರಟೆವು. ಹೊನ್ನಾವರದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ದೊಡ್ಡಮ್ಮ ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಆ ಮನೆ ಈಗ ಎರಡು ಉಪ್ಪರಿಗೆಯದಾಗಿತ್ತು. ಬಾಗಿಲು ತೆರೆದ ಮಧ್ಯವಯಸ್ಸಿನ ಹೆಂಗಸು ಒಂದು ಕ್ಷಣ ನೋಡಿ, "ಅಕ್ಕೋರೇ!" ಎಂದು ಕೂಗಿ ಕೈಹಿಡಿದುಕೊಂಡರು. ಚಹಾ ಬಂದಿತು, ತಿಂಡಿ ಬಂದಿತು, ಮಕ್ಕಳು ಮೊಮ್ಮಕ್ಕಳ ಪರಿಚಯವಾಯಿತು. ದೊಡ್ಡಮ್ಮ ಡೇರೆಯ ವಿಷಯ ಎತ್ತಲೇ ಇಲ್ಲ. ಕೇಳಿ ಇಲ್ಲವೆನಿಸಿಕೊಳ್ಳುವುದಕ್ಕೆ ಹೆದರುತ್ತಿದ್ದರೆಂದು ನನಗೆ ಈಗ ತೋರುತ್ತದೆ. ಕೊನೆಗೆ ನಾನೇ ಕೇಳಿದೆ.

"ಅದಾ? ಬನ್ನಿ ಅಕ್ಕೋರೇ, ಮೇಲೆ ಇದೆ" ಎಂದು ಅವರು ಮಹಡಿಗೆ ಕರೆದುಕೊಂಡು ಹೋದರು. ಮಲ್ಲಿಗೆಯ ಕುಂಡಗಳ ಸಾಲಿನ ತುದಿಯಲ್ಲಿ, ನೀರಿನ ತೊಟ್ಟಿಯ ನೆರಳಿನಲ್ಲಿ ಒಂದು ಹಳೆಯ ಬಣ್ಣದ ಡಬ್ಬ. ಅದರಲ್ಲಿ ತಡವಾಗಿ ನೆಟ್ಟ ಗಿಡವೊಂದು, ಮೊಳಕಾಲೆತ್ತರದ್ದು, ಇನ್ನೂ ಒಂದೇ ಒಂದು ಹೂವನ್ನು ಹೊತ್ತು ನಿಂತಿತ್ತು. ಹೂವು ಘಟ್ಟದ ಕಡೆಯ ಅರ್ಧವೂ ಇರಲಿಲ್ಲ. ನೇರಳೆ, ತುದಿಗೆ ಬಿಳಿಯ ಅಂಚು. "ಮಳೆಗಾಲದಲ್ಲಿ ಇಲ್ಲಿ ಕೊಳೆಯುತ್ತದೆ, ಅದಕ್ಕೇ ಮಳೆ ಬಿಟ್ಟ ಮೇಲೆ ನೆಡುತ್ತೇನೆ. ಪ್ರತಿವರ್ಷ ಒಂದೋ ಎರಡೋ ಗಡ್ಡೆ ಉಳಿಯುತ್ತದೆ, ಅಷ್ಟೇ" ಎಂದು ಅವರು ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು. ದೊಡ್ಡಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಗಿಡ ಒಣಗಿದ ಮೇಲೆ, ಚೈತ್ರದ ಕೊನೆಯಲ್ಲಿ, ಮರಳು 
ತುಂಬಿದ ಹಾಲಿನ ಡಬ್ಬದಲ್ಲಿ ಮೂರು ಗಡ್ಡೆಗಳು ಹೊನ್ನಾವರಕ್ಕೆ ಬಂದವು, ಮೂರಕ್ಕೂ ಕುತ್ತಿಗೆಯಿತ್ತು. ಒಂದನ್ನು ದೊಡ್ಡಮ್ಮ ಮಳೆ ಬಿದ್ದ ಮೇಲೆ ಜಾಲರಿಯ ಬುಟ್ಟಿಯಲ್ಲಿ ಅಂಗಳದ ಬದಿಗೆ ನೆಟ್ಟರು. ಒಂದನ್ನು ಶಿರಸಿಯಲ್ಲಿರುವ ಮಗಳ ಮನೆಗೆ ಕಳಿಸಿದರು. ಮೂರನೆಯದನ್ನು ಕಾಗದದಲ್ಲಿ ಸುತ್ತಿ ನನಗೆ ಕೊಡುತ್ತ, "ನಿನ್ನಲ್ಲಿ ಮುಳ್ಳುಹಂದಿ ಇಲ್ಲವಲ್ಲ" ಎಂದರು.

ಬೆಂಗಳೂರಿನ ಮೂರನೆಯ ಅಂತಸ್ತಿನ ನಮ್ಮ ಮನೆಗೆ ಮುಳ್ಳುಹಂದಿ ಬರುವುದಿಲ್ಲ, ನಿಜ. ಕುಂಡದಲ್ಲಿ ನೆಟ್ಟ ನಾಲ್ಕನೆಯ ದಿನವೇ ಎರಡು ಪಾರಿವಾಳಗಳು ಬಂದು, ಮಣ್ಣು ಕೆದರಿ, ಗಡ್ಡೆಯ ಕುತ್ತಿಗೆಯನ್ನು ಬಿಸಿಲಿಗೆ ತೆರೆದಿಟ್ಟು, ಗೂಡಿಗೆ ಕಡ್ಡಿ ಜೋಡಿಸತೊಡಗಿದವು. ಅದೇ ಸಂಜೆ ಬಲೆ ತಂದು ಕಟ್ಟಿದೆ. ಭಾದ್ರಪದದಲ್ಲಿ ಮೊಗ್ಗು ಬಂದಿದೆ.